ಅವಳು, ಅವರು, ಅದು

ಇಂಗ್ಲಿಷ್ ಪೊಲೀಸ್ ಕಾದಂಬರಿಯ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಒಂದು ಹೆಣ ಇರುತ್ತದೆ. ಎರಡನೆಯ ಪುಟಕ್ಕೆ ಪೊಲೀಸರು ಬರುತ್ತಾರೆ. ಆ ತಂಡದ ಮುಖ್ಯಸ್ಥೆ ಹೆಂಗಸಾಗಿದ್ದರೂ ಇಂಗ್ಲಿಷಿಗೆ ಅದರಿಂದ ತೊಂದರೆಯೇನೂ ಇಲ್ಲ. ‘ಶೀ’ ಎಂದರೆ ಮುಗಿಯಿತು. ರಾಣಿಯೂ ‘ಶೀ’, ಕಳ್ಳಿಯೂ ‘ಶೀ’, ಹೆಣವಾಗಿ ಬಿದ್ದವಳೂ ‘ಶೀ’, ಹೆಣದ ಪಕ್ಕ ಮಂಡಿಯೂರಿ ಕೂತ ಅಧಿಕಾರಿಯೂ ‘ಶೀ’.

ಕನ್ನಡದಲ್ಲಿ ಕಥೆ ಹೇಳುವವರಿಗೆ ಆ ಸೌಕರ್ಯ ಇಲ್ಲ. ಇನ್‌ಸ್ಪೆಕ್ಟರ್ ಬಂದಳೋ, ಬಂದರೋ? ಸರ್ವನಾಮ ಬಿಟ್ಟು ಬರೀ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತೇನೆ ಎಂದರೆ ಕ್ರಿಯಾಪದ ಬಿಡುವುದಿಲ್ಲ. ‘ಜೇನ್ ಬಾಗಿಲು ತೆರೆದು ಒಳಗೆ’ ಎನ್ನುವವರೆಗೆ ನಿಶ್ಚಿಂತೆ, ಆಮೇಲೆ ‘ಬಂದಳು’ ಅಥವಾ ‘ಬಂದರು’ ಎನ್ನಲೇಬೇಕು. ಆ ಒಂದು ಅಕ್ಷರದಲ್ಲಿ ಹೇಳುವವರು ಆ ಹೆಂಗಸನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂಬುದು ಬಯಲಾಗುತ್ತದೆ.

ಗೋರೆಗಾಂವ್ ಪೂರ್ವದ ದಿಂಡೋಶಿಯ ಒಂದು ಫ್ಲ್ಯಾಟಿನಲ್ಲಿ ಈ ಪ್ರಶ್ನೆ ಕೆಲವು ತಿಂಗಳುಗಳಿಂದ ದಿನಾ ರಾತ್ರಿ ಎಂಟೂವರೆಗೆ ಏಳುತ್ತಿದೆ. ಅಲ್ಲಿ ಅತ್ತೆ, ಸೊಸೆ, ಸೊಸೆಯ ಗಂಡ ಮತ್ತು ಒಬ್ಬಳು ಮೊಮ್ಮಗಳು ಇದ್ದಾರೆ. ಅತ್ತೆಗೆ ಎಪ್ಪತ್ತೊಂಬತ್ತು, ಊರು ಅಂಕೋಲೆಯ ಕಡೆ, ಮನೆಮಾತು ಹವ್ಯಕ ಕನ್ನಡ. 1966ರಲ್ಲಿ ಮದುವೆಯಾಗಿ ಗೋರೆಗಾಂವ್‌ಗೆ ಬಂದವರು, ಮತ್ತೆ ಊರಿಗೆ ವಾಪಸಾಗಲಿಲ್ಲ. ಕಣ್ಣಿನ ನಡುಭಾಗದ ದೃಷ್ಟಿ ಹೋಗಿ ಮೂರು ವರ್ಷವಾಯಿತು. ಮುಖ ಗುರುತಿಸುತ್ತಾರೆ, ಅಕ್ಷರ ಕಾಣುವುದಿಲ್ಲ. ಸೊಸೆ ಕುಮಟೆಯ ಕಡೆಯವರು, ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಲೋಕಲ್ ಟ್ರೇನಿನಲ್ಲಿ ಓದಲೆಂದು ಫೌಂಟನ್ ಬಳಿಯ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಕಾದಂಬರಿ ಕೊಳ್ಳುವುದು ಅವರ ಇಪ್ಪತ್ತು ವರ್ಷದ ಚಟ. ಹೋಗುವಾಗ ಬರುವಾಗ ಓದಿದ್ದನ್ನು ರಾತ್ರಿ ಊಟಕ್ಕೆ ಮುಂಚೆ ಅತ್ತೆಗೆ ಕನ್ನಡದಲ್ಲಿ ಹೇಳುತ್ತಾರೆ. ಕುಕ್ಕರ್ ಕೂಗುವುದಕ್ಕೂ ಮಗ ಆಫೀಸಿನಿಂದ ಬರುವುದಕ್ಕೂ ನಡುವಿನ ಮುಕ್ಕಾಲು ಗಂಟೆ ಅವರಿಬ್ಬರದು.

ಅತ್ತೆಗೆ ಪತ್ತೇದಾರಿ ಹೊಸದಲ್ಲ. ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಎನ್. ನರಸಿಂಹಯ್ಯನವರ ನಾಲ್ಕೈದು ಪುಸ್ತಕಗಳಿದ್ದವು. ನರಸಿಂಹಯ್ಯನವರು ಶಾಲೆ ಓದಿದ್ದು ಕಡಿಮೆ, ಬರೆದದ್ದು ನೂರಾರು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನನ್ನು ಕನ್ನಡ ನಾಡಿನ ಒಂದು ತಲೆಮಾರು ಬಾಡಿಗೆ ಲೈಬ್ರರಿಗಳಿಂದ ತಂದು ಓದಿತು. ಮುಂಬಯಿಗೆ ಬಂದ ಮೇಲೆ ನೆರೆಮನೆಯ ಮರಾಠಿ ಹೆಂಗಸಿನ ಬಳಿ ಬಾಬುರಾವ್ ಅರ್ನಾಳ್ಕರರ ಪುಸ್ತಕಗಳ ರಾಶಿಯೇ ಕಂಡಿತು. ಆಕೆ ಮರಾಠಿಯಲ್ಲಿ ಕಥೆ ಹೇಳುವುದು, ಇವರು ಕನ್ನಡದಲ್ಲಿ ಹೇಳುವುದು. ಹಾಗೆ ಮರಾಠಿ ಕಲಿತದ್ದು.

ಆದರೆ ಪುರುಷೋತ್ತಮನಂಥವರು ಒಂಟಿ ಸಲಗಗಳು. ಪೊಲೀಸರಿಗೆ ಹೊಳೆಯದ್ದು ಅವರಿಗೆ ಹೊಳೆಯುತ್ತದೆ. ಬ್ರಿಟಿಷರು ‘ಪ್ರೊಸೀಜರಲ್’ ಎಂದು ಕರೆಯುವ ಜಾತಿಯ ಕಾದಂಬರಿ ಇದಕ್ಕೆ ತದ್ವಿರುದ್ಧ. ಅಲ್ಲಿ ಯಾರಿಗೂ ಏನೂ ಥಟ್ಟನೆ ಹೊಳೆಯುವುದಿಲ್ಲ. ಮನೆಮನೆಗೆ ಹೋಗಿ ಬಾಗಿಲು ತಟ್ಟುವುದು, ಹೇಳಿಕೆ ಬರೆದುಕೊಳ್ಳುವುದು, ಲ್ಯಾಬಿನ ವರದಿಗೆ ಕಾಯುವುದು, ಮೇಲಧಿಕಾರಿಯ ಹತ್ತಿರ ಬೈಸಿಕೊಳ್ಳುವುದು, ತಣ್ಣಗಾದ ಚಹಾ ಕುಡಿಯುವುದು. 1955ರಲ್ಲಿ ಜಾನ್ ಕ್ರೀಸಿ, ಜೆ.ಜೆ. ಮ್ಯಾರಿಕ್ ಎಂಬ ಹೆಸರಿನಲ್ಲಿ, ಸ್ಕಾಟ್ಲೆಂಡ್ ಯಾರ್ಡಿನ ಗಿಡಿಯನ್ ಎಂಬ ಅಧಿಕಾರಿಯ ಒಂದು ದಿನವನ್ನೇ ಕಾದಂಬರಿ ಮಾಡಿದ. ಮರುವರ್ಷ ಅಮೆರಿಕದಲ್ಲಿ ಎಡ್ ಮೆಕ್‌ಬೇನ್ ಇಡೀ ಒಂದು ಠಾಣೆಯನ್ನೇ ನಾಯಕನನ್ನಾಗಿಸಿದ. ಅಲ್ಲಿಂದ ಮುಂದೆ ಇಂಥ ಕಥೆಯಲ್ಲಿ ಅಪರಾಧದಷ್ಟೇ ಮುಖ್ಯವಾದದ್ದು ಕಚೇರಿ: ಯಾರು ಯಾರ ಕೆಳಗೆ, ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾರ ಮಾತು ನಡೆಯುತ್ತದೆ.

ಅಂಥ ಕಚೇರಿಯ ಕುರ್ಚಿಯಲ್ಲಿ ಹೆಂಗಸೊಬ್ಬಳು ಬಂದು ಕೂತರೆ ಕಥೆ ತಾನಾಗಿ ಎರಡಾಗುತ್ತದೆ. ಕೊಲೆ ಮಾಡಿದವರು ಯಾರು ಎಂಬುದೊಂದು. ಇವಳ ಮಾತನ್ನು ಯಾರು ಕೇಳುತ್ತಾರೆ ಎಂಬುದು ಇನ್ನೊಂದು.

ಸೊಸೆ ಆ ಸಲ ತಂದದ್ದು ಲಿಂಡಾ ಲಾ ಪ್ಲಾಂಟ್ ಬರೆದ ‘ಪ್ರೈಮ್ ಸಸ್ಪೆಕ್ಟ್’. 1991ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಹೆಲೆನ್ ಮಿರೆನ್ ನಟಿಸಿದ ಧಾರಾವಾಹಿಯಾಗಿ ಬಂದು, ಜೊತೆಗೇ ಪುಸ್ತಕವೂ ಆದ ಕಥೆ. ಡಿಟೆಕ್ಟಿವ್ ಚೀಫ್ ಇನ್‌ಸ್ಪೆಕ್ಟರ್ ಜೇನ್ ಟೆನಿಸನ್‌ಗೆ ಕೊಲೆ ಪ್ರಕರಣಗಳು ಸಿಗುವುದೇ ಇಲ್ಲ. ಜಾನ್ ಶೆಫರ್ಡ್ ಎಂಬ ಅಧಿಕಾರಿ ಹೃದಯಾಘಾತವಾಗಿ ಸತ್ತಾಗ ಅವನ ಅರ್ಧ ಮುಗಿದ ಪ್ರಕರಣವನ್ನು ಪಟ್ಟುಹಿಡಿದು ಕೇಳಿ ತೆಗೆದುಕೊಳ್ಳುತ್ತಾಳೆ. ತಂಡದವರಿಗೆ ಸತ್ತವನು ಪ್ರೀತಿಯ ಸಾಹೇಬ, ಇವಳು ಅವನ ಕುರ್ಚಿಗೆ ಕಣ್ಣು ಹಾಕಿದವಳು. ಸಾರ್ಜೆಂಟ್ ಬಿಲ್ ಓಟ್ಲಿ ಹೆಜ್ಜೆಹೆಜ್ಜೆಗೂ ಅಡ್ಡಗಾಲು. ಆದರೆ ಇವಳು ಕಡತ ಬಿಚ್ಚಿ ನೋಡಿದರೆ ಸತ್ತ ಹುಡುಗಿಯ ಗುರುತನ್ನೇ ಅವರು ತಪ್ಪಾಗಿ ಹಿಡಿದಿದ್ದಾರೆ.

ಲಾ ಪ್ಲಾಂಟ್ ಇದನ್ನು ಗಾಳಿಯಲ್ಲಿ ಕಟ್ಟಲಿಲ್ಲ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸಿನಲ್ಲಿ ಅದೇ ದರ್ಜೆಯಲ್ಲಿದ್ದ ಜಾಕಿ ಮಾಲ್ಟನ್ ಅವರನ್ನು ಕಂಡು ಕೇಳಿ ಬರೆದರು. ಆ ದರ್ಜೆಯ ಮಹಿಳೆಯರು ಆಗ ಅಲ್ಲಿ ಬೆರಳೆಣಿಕೆಯಷ್ಟು. ಕಾಗದದ ಮೇಲಿನ ಪತ್ತೇದಾರಿಣಿಯಾದರೋ ತುಂಬ ಹಳಬಳು. ಆಂಡ್ರ್ಯೂ ಫಾರೆಸ್ಟರ್ ಹೆಸರಿನಲ್ಲಿ ‘ದಿ ಫೀಮೇಲ್ ಡಿಟೆಕ್ಟಿವ್’ ಅಚ್ಚಾದದ್ದು 1864ರಲ್ಲಿ. ಬಂಧಿಸುವ ಅಧಿಕಾರವುಳ್ಳ ಮೊದಲ ಬ್ರಿಟಿಷ್ ಮಹಿಳಾ ಪೊಲೀಸ್ ಈಡಿತ್ ಸ್ಮಿತ್ ಗ್ರಾಂಥಮ್ ಊರಿನಲ್ಲಿ ನೇಮಕವಾದದ್ದು 1915ರಲ್ಲಿ. ಕಥೆ ಅರ್ಧ ಶತಮಾನ ಮುಂದೆ ನಡೆದಿತ್ತು. ಲಿಲಿಯನ್ ವೈಲ್ಸ್ ಲಂಡನ್ನಿನ ಪತ್ತೆ ವಿಭಾಗಕ್ಕೆ ಸೇರಿದ್ದು 1922ರಲ್ಲಿ. ಆಮೇಲೂ ಬಹುಕಾಲ ಮಹಿಳಾ ಪೊಲೀಸರದು ಬೇರೆಯೇ ವಿಭಾಗ. ಅದು ಮುಖ್ಯ ಪಡೆಯಲ್ಲಿ ಬೆರೆತದ್ದು 1973ರಲ್ಲಿ.

ಇದೇ ಕಥೆಯಲ್ಲಿ ಟೆನಿಸನ್ ತನ್ನ ಕೈಕೆಳಗಿನವರಿಗೆ ಒಂದು ಮಾತು ಹೇಳುತ್ತಾಳೆ: ನನ್ನನ್ನು ‘ಮ್ಯಾಮ್’ ಎನ್ನಬೇಡಿ, ನಾನು ರಾಣಿಯಲ್ಲ, ‘ಗವ್ನರ್’ ಎನ್ನಿ ಇಲ್ಲವೇ ‘ಬಾಸ್’ ಎನ್ನಿ. ‘ಗವ್ನರ್’ ಎಂಬುದು ಲಂಡನ್ ಪೊಲೀಸರ ಬಾಯಲ್ಲಿ ಮೇಲಧಿಕಾರಿಗೆ ಸಲ್ಲುವ ಪದ, ಗಂಡು ಪದ. ಸೊಸೆ ಅಲ್ಲಿ ಸಿಕ್ಕಿಹಾಕಿಕೊಂಡರು. ‘ಯಜಮಾನ’ ಎಂದರೆ ಮನೆಯ ಗಂಡಸಾಯಿತು, ‘ಯಜಮಾನಿ’ ಎಂದರೆ ಮನೆಯೊಡತಿ. ಮುಂಬಯಿಯ ಠಾಣೆಗಳಲ್ಲಿ ಹವಾಲ್ದಾರರು ಅಧಿಕಾರಿಗೆ ‘ಸಾಹೇಬ್’ ಎನ್ನುತ್ತಾರೆ. ಅದನ್ನು ಹೆಣ್ಣಾಗಿಸಲು ಹೋದರೆ ‘ಮೇಮ್‌ಸಾಹೇಬ್’, ಅಂದರೆ ಸಾಹೇಬರ ಹೆಂಡತಿ. ಪಕ್ಕದಲ್ಲಿ ಓದುತ್ತಿದ್ದ ಮೊಮ್ಮಗಳು ‘ಮೇಡಂ ಸರ್’ ಎಂದಳು. ಉತ್ತರ ಭಾರತದಲ್ಲಿ ಕಾನ್‌ಸ್ಟೇಬಲ್‌ಗಳು ಮಹಿಳಾ ಅಧಿಕಾರಿಯನ್ನು ಹಾಗೆ ಕರೆಯುವುದುಂಟು. 2019ರ ‘ಡೆಲ್ಲಿ ಕ್ರೈಂ’ ನೋಡಿದವರಿಗೆ ಗೊತ್ತಿರುತ್ತದೆ. ಬಾಗಿಲಲ್ಲಿ ಕಂಡದ್ದು ಮೇಡಂ, ಸೆಲ್ಯೂಟ್ ಹೊಡೆಯಬೇಕಾದದ್ದು ಸರ್‌ಗೆ. ಎರಡನ್ನೂ ಸೇರಿಸಿಬಿಟ್ಟರೆ ಯಾರಿಗೂ ಕಷ್ಟವಿಲ್ಲ.

ಅತ್ತೆಗೆ ಇದೆಲ್ಲ ದೊಡ್ಡ ವಿಷಯ ಅನ್ನಿಸಲಿಲ್ಲ. ‘ಬಾಯಿ ಅಂದ್ರಾತಲ, ಮೃಣಾಲ್ ಬಾಯಿ ಹೇಳ್ತ್ವಿಲ್ಯನ’ ಎಂದರು.

ಗೋರೆಗಾಂವ್‌ನಲ್ಲಿ ಐವತ್ತು ವರ್ಷ ಕಳೆದವರಿಗೆ ಆ ಹೆಸರನ್ನು ವಿವರಿಸಬೇಕಿಲ್ಲ. ಮೃಣಾಲ್ ಗೋರೆ ಇಲ್ಲಿನ ಚಾಳುಗಳಿಗೆ, ಝೋಪಡಿಗಳಿಗೆ ನೀರು ಬರಲಿ ಎಂದು ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದವರು. ಊರು ಅವರನ್ನು ‘ಪಾನೀವಾಲಿ ಬಾಯಿ’ ಎಂದು ಕರೆಯಿತು. ಬೆಲೆಯೇರಿಕೆ ವಿರೋಧಿಸಿ ಲಟ್ಟಣಿಗೆ ಹಿಡಿದು ಮೆರವಣಿಗೆ ಹೊರಟ ಹೆಂಗಸರ ಮುಂಚೂಣಿಯಲ್ಲಿದ್ದವರು. 1972ರಲ್ಲಿ ವಿಧಾನಸಭೆಗೆ, ತುರ್ತುಪರಿಸ್ಥಿತಿಯ ನಂತರ 1977ರಲ್ಲಿ ಲೋಕಸಭೆಗೆ ಆರಿಸಿಬಂದರು. ನೀರಿನ ಬಾಯಿ ದಿಲ್ಲಿಗೆ, ದಿಲ್ಲಿಯ ಬಾಯಿ ನೀರಿಗೆ ಎಂಬ ಅರ್ಥದ ಘೋಷಣೆ ಆಗ ಮುಂಬಯಿ ತುಂಬ ಓಡಾಡಿತು. ಮರಾಠಿಯ ‘ಬಾಯಿ’ ವಿಚಿತ್ರವಾದ ಪದ. ಶಾಲೆಯ ಟೀಚರಿಗೂ ಬಾಯಿ, ಪಾತ್ರೆ ತೊಳೆಯಲು ಬರುವವಳಿಗೂ ಬಾಯಿ, ಸಂಸದರಿಗೂ ಬಾಯಿ. ಪದ ಒಂದೇ, ದನಿ ಬೇರೆ. ಆದರೂ ಲಂಡನ್ನಿನ ಸಾರ್ಜೆಂಟ್ ಓಟ್ಲಿಯ ಬಾಯಲ್ಲಿ ‘ಬಾಯಿ’ ಬರಿಸಲು ಸೊಸೆಗೆ ಧೈರ್ಯ ಬರಲಿಲ್ಲ. ಕೊನೆಗೆ ‘ಸಾಹೇಬ್ರು’ ಎಂದೇ ನಡೆಸಿದರು. ಸೀರೆಯಾಗಲಿ ಪ್ಯಾಂಟಾಗಲಿ, ಸಾಹೇಬ್ರು ಸಾಹೇಬ್ರೇ.

ಹೀಗೆ ಒಂದು ವಾರ ಕಳೆದ ಮೇಲೆ ಮೊಮ್ಮಗಳು ಒಂದು ವಿಷಯ ಹಿಡಿದಳು. ‘ಅಮ್ಮ, ನೀನು ಠಾಣೆಯಲ್ಲಿ ಜೇನ್ ಬಂದರು, ಹೇಳಿದರು, ಬೈದರು ಅಂತೀಯ. ಮನೆಗೆ ಬಂದ ಕೂಡಲೇ ಬಂದಳು, ಕೂತಳು, ಅತ್ತಳು ಆಗ್ತದೆ. ಒಂದೇ ಮನುಷ್ಯೆ ಅಲ್ವಾ?’

ಸೊಸೆಗೆ ಅದು ತಿಳಿದೇ ಇರಲಿಲ್ಲ. ಯಾವ ಲೆಕ್ಕಾಚಾರವೂ ಇಲ್ಲದೆ ನಾಲಿಗೆ ತಾನಾಗಿ ಮಾಡಿದ ಕೆಲಸ. ಹೊಸ್ತಿಲು ದಾಟಿದ ಕೂಡಲೇ ಗೌರವದ ಬಹುವಚನ ಕೋಟಿನ ಜೊತೆ ಗೂಟಕ್ಕೆ ಹೋಗುತ್ತಿತ್ತು. ಹಾಗೆಂದು ಎಲ್ಲರಿಗೂ ಅಲ್ಲ. ಸೂಪರಿಂಟೆಂಡೆಂಟ್ ಕರ್ನನ್ ಕಚೇರಿಯಲ್ಲೂ ‘ಬಂದರು’, ಕಚೇರಿಯ ಹೊರಗೆ ಗ್ಲಾಸು ಹಿಡಿದು ನಿಂತಾಗಲೂ ‘ನಕ್ಕರು’. ಜೇನ್ ಮಾತ್ರ ದಿನಕ್ಕೆರಡು ಸಲ ಬಡ್ತಿ, ಹಿಂಬಡ್ತಿ ಪಡೆಯುತ್ತಿದ್ದಳು.

ಕನ್ನಡದ ಅಚ್ಚಿನಲ್ಲಿ ಇದಕ್ಕೆ ಎರಡು ರೂಢಿಗಳಿವೆ. ಕಾದಂಬರಿಯ ನಿರೂಪಕ ತನ್ನ ಪಾತ್ರಗಳಿಗೆ ಮರ್ಯಾದೆ ಕೊಡುವ ಹಂಗಿನಲ್ಲಿಲ್ಲ. ಜಿಲ್ಲಾಧಿಕಾರಿಯೂ ‘ಅವನು’, ಜವಾನನೂ ‘ಅವನು’. ಪತ್ರಿಕೆ ಹಾಗಲ್ಲ. ಅಧಿಕಾರಿ ‘ತಿಳಿಸಿದ್ದಾರೆ’, ಆರೋಪಿ ‘ಪರಾರಿಯಾಗಿದ್ದಾನೆ’. ಅಪರಾಧ ಸುದ್ದಿಯಲ್ಲಿ ಯಾರು ಪೊಲೀಸ್, ಯಾರು ಕಳ್ಳ ಎಂಬುದನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ. ಪೊಲೀಸ್ ಕಾದಂಬರಿಯ ಕಷ್ಟವೆಂದರೆ ಅದು ಎರಡೂ ಆಗಿರುವುದು. ಅಂತರಂಗ ತೋರಿಸುವಾಗ ಕಾದಂಬರಿ, ಠಾಣೆ ತೋರಿಸುವಾಗ ವರದಿ. ‘ಅವಳು’ ಎಂದರೆ ಓದುಗ ಅವಳ ಮನಸ್ಸಿನ ಹತ್ತಿರ ಹೋಗುತ್ತಾನೆ, ಆದರೆ ಓಟ್ಲಿಯ ಪಕ್ಕದಲ್ಲಿ ನಿಂತಂತಾಗುತ್ತದೆ. ‘ಅವರು’ ಎಂದರೆ ಕುರ್ಚಿಗೆ ಮರ್ಯಾದೆ ಸಿಗುತ್ತದೆ, ಆದರೆ ರಾತ್ರಿ ಒಬ್ಬಳೇ ಕೂತು ಸಿಗರೇಟು ಸೇದುವ ಹೆಂಗಸು ದೂರವಾಗುತ್ತಾಳೆ. ನಡುವೆ ‘ಆಕೆ’ ಇದೆ, ಬರಹದಲ್ಲಿ ಸೊಗಸಾಗಿಯೂ ಇದೆ. ಆದರೆ ಅತ್ತೆಯ ಮುಂದೆ ಕೂತು ಕಥೆ ಹೇಳುವಾಗ ‘ಆಕೆ’ ಎಂದರೆ ರೇಡಿಯೊ ನಾಟಕದಂತೆ ಕೇಳುತ್ತದೆ.

ಅತ್ತೆ ಬಳಸುತ್ತಿದ್ದದ್ದು ಈ ಮೂರೂ ಅಲ್ಲ. ಅವರು ಮೊದಲ ದಿನದಿಂದಲೂ ಟೆನಿಸನ್‌ಗೆ ಅಂದದ್ದು ‘ಅದು’.

‘ಅದು ಪೋಲೀಸು ಹೇಳಾದ್ರೆ ಊಟ ಯಾವಾಗ ಮಾಡ್ತು?’ ‘ಅದಕ್ಕೆ ಗಂಡ ಇಲ್ಯಾ?’

ಹವ್ಯಕ ಕನ್ನಡ ಗೊತ್ತಿಲ್ಲದವರಿಗೆ ಇದು ಅವಮಾನವೆಂದು ಕೇಳೀತು. ಆ ಮಾತಿನಲ್ಲಿ ಗಂಡಸು ‘ಬಂದ’, ಹೆಂಗಸು ‘ಬಂತು’. ಮಗಳು, ತಂಗಿ, ಗೆಳತಿ, ಸೊಸೆ ಎಲ್ಲರೂ ‘ಅದು’. ಹಿರಿಯರಿಗೆ ಗೌರವದ ರೂಪ ಬೇರೆ ಇದೆ. ಇದು ಹವ್ಯಕರೊಬ್ಬರ ವಿಚಿತ್ರವೂ ಅಲ್ಲ. ತೆಲುಗಿನಲ್ಲಿ ಹೆಂಗಸು ಬಂದರೂ ಬಸ್ಸು ಬಂದರೂ ಏಕವಚನದ ಕ್ರಿಯಾಪದ ಒಂದೇ, ‘ವಚ್ಚಿಂದಿ’. ಕೊಂಕಣಿಯಲ್ಲಿ ಎಳೆಯ ಹುಡುಗಿಗೆ ನಪುಂಸಕಲಿಂಗ ಸಲ್ಲುತ್ತದೆ. ದ್ರಾವಿಡ ಭಾಷೆಗಳಲ್ಲಿ ಲೋಕವನ್ನು ‘ಗಂಡಸರು’ ಮತ್ತು ‘ಉಳಿದದ್ದು’ ಎಂದು ಒಡೆಯುವ ಪದ್ಧತಿ ಹಳೆಯದು. ಅತ್ತೆಯ ಬಾಯಲ್ಲಿ ‘ಅದು’ ಎಂಬುದು ತಾತ್ಸಾರವಲ್ಲ, ಸಲಿಗೆ. ನಮ್ಮ ಮನೆಯ ಹುಡುಗಿ ಎಂಬ ಭಾವ. ಲಂಡನ್ನಿನ ಡಿಟೆಕ್ಟಿವ್ ಚೀಫ್ ಇನ್‌ಸ್ಪೆಕ್ಟರ್ ಒಬ್ಬಳನ್ನು ಅಂಕೋಲೆಯ ಅಜ್ಜಿಯೊಬ್ಬರು ಒಂದೇ ಸಂಜೆಯಲ್ಲಿ ಮನೆಮಗಳು ಮಾಡಿಕೊಂಡಿದ್ದರು. ಅದು ನಿಜ. ಆ ಸಲಿಗೆ ಗಂಡುಮಕ್ಕಳಿಗೆ ಬೇರೆ ಲಿಂಗದಲ್ಲಿ ಸಲ್ಲುತ್ತದೆ ಎಂಬುದೂ ನಿಜ.

ಅತ್ತೆ ಕಂಡ ಪೊಲೀಸರೆಲ್ಲ ಗಂಡಸರೇ. ಅವರು ಮೋತಿಲಾಲ್ ನಗರದ ತಗ್ಗುಮಾಡಿನ ಮನೆಯಲ್ಲಿ ಸಂಸಾರ ಹೂಡಿ ಎರಡು ವರ್ಷವಾಗಿತ್ತು. 1968. ಮುಂಬಯಿಯ ಉತ್ತರದ ಉಪನಗರಗಳಲ್ಲಿ ರಾತ್ರಿ ಹೊರಗೆ, ಗುಡಿಸಲಲ್ಲಿ, ಫುಟ್‌ಪಾತಿನಲ್ಲಿ ಮಲಗಿದವರನ್ನು ಯಾರೋ ತಲೆಗೆ ಹೊಡೆದು ಕೊಲ್ಲುತ್ತಿದ್ದ. ಕದಿಯಲು ಏನೂ ಇಲ್ಲದವರೇ ಸಾಯುತ್ತಿದ್ದರು. ಸೆಕೆಗೆ ಬಾಗಿಲು ತೆರೆದು ಮಲಗುತ್ತಿದ್ದವರು ಬಾಗಿಲು ಹಾಕಿಕೊಂಡರು. ಸರದಿಯಲ್ಲಿ ಗಂಡಸರು ದೊಣ್ಣೆ ಹಿಡಿದು ರಾತ್ರಿಯಿಡೀ ತಿರುಗುತ್ತಿದ್ದರು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಅತ್ತೆಯ ಗಂಡ ಕೊನೆಯ ಪಾಳಿ ಮುಗಿಸಿ ಬರುವ ದಿನ ನಾಲ್ಕು ಜನ ಸೇರಿ ಸ್ಟೇಷನ್ನಿಗೆ ಹೋಗಿ ಕರೆತರುತ್ತಿದ್ದರಂತೆ.

ಆ ತನಿಖೆಯ ಹೊಣೆ ಹೊತ್ತವರು ಆಗ ಕ್ರೈಂ ವಿಭಾಗದ ಡೆಪ್ಯುಟಿ ಕಮಿಷನರ್ ಆಗಿದ್ದ ರಮಾಕಾಂತ ಕುಲಕರ್ಣಿ. ಉತ್ತರ ಕನ್ನಡದ ಅವರ್ಸಾದವರು, ಅಂಕೋಲೆಯ ಹತ್ತಿರ. ‘ನಮ್ಮ ಅವರ್ಸೆಯವ್ರು’ ಎಂದು ಅತ್ತೆ ಈಗಲೂ ಹೇಳುವಾಗ ಬೆನ್ನು ನೆಟ್ಟಗಾಗುತ್ತದೆ. ಇಲ್ಲಿ ‘ಅವ್ರು’ ಬಿಟ್ಟು ಬೇರೆ ಬರುವುದಿಲ್ಲ. ಆ ತನಿಖೆಯೂ ಪುರುಷೋತ್ತಮನ ಸಾಹಸವಾಗಿರಲಿಲ್ಲ, ಪಕ್ಕಾ ಪ್ರೊಸೀಜರಲ್. ಕಂಡವರ ಹೇಳಿಕೆಗಳನ್ನು ಕೂಡಿಸಿ ಚಹರೆ ಸಿದ್ಧಪಡಿಸಿ ಠಾಣೆಗಳಿಗೆ ಹಂಚಿದ್ದರು. 1968ರ ಆಗಸ್ಟ್ 27ರಂದು ಡೋಂಗ್ರಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಅಲೆಕ್ಸ್ ಫಿಯಾಲ್ಹೊ ಆ ಚಹರೆಗೆ ಹೊಂದುವ ಒಬ್ಬನನ್ನು ಹಿಡಿದರು. ಅವನ ಹತ್ತಿರ ಸಿಕ್ಕಿದ್ದು ಕನ್ನಡಕ, ಬಾಚಣಿಗೆ, ಕತ್ತರಿ, ಸಾಬೂನು, ಬೆಳ್ಳುಳ್ಳಿ, ಚಹಾಪುಡಿಯಂಥ ಚಿಲ್ಲರೆ ಸಾಮಾನು. ಹಳೆಯ ದಾಖಲೆಯ ಬೆರಳಚ್ಚು ಅವನು ರಾಮನ್ ರಾಘವ್ ಎಂದಿತು. ಎರಡು ವರ್ಷ ಹಿಂದೆ ಇಂಥದೇ ದಾಳಿಗಳ ಸಂಬಂಧ ಅವನನ್ನು ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. ಗಲ್ಲು ಶಿಕ್ಷೆಯಾಯಿತು, ಮನೋರೋಗದ ಕಾರಣ 1987ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. 1995ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಸತ್ತ.

‘ಆಗ ಹೆಣ್ಣು ಪೊಲೀಸರು ಬಂದಿದ್ರಾ ಅಜ್ಜಿ, ನಿಮ್ಮ ಚಾಳಿಗೆ?’ ಎಂದು ಮೊಮ್ಮಗಳು ಕೇಳಿದಳು. ಅತ್ತೆ ಸ್ವಲ್ಪ ಯೋಚಿಸಿದರು. ಯಾರೂ ಬಂದಿರಲಿಲ್ಲ. ಬಂದ ಪೊಲೀಸರು ಗಂಡಸರ ಹತ್ತಿರ ಮಾತಾಡಿ ಹೋದರು. ಹೆಂಗಸರನ್ನು ಯಾರೂ ಏನೂ ಕೇಳಲಿಲ್ಲ. ಆದರೆ ನಸುಕಿಗೆ ನಲ್ಲಿಯ ಸಾಲಿನಲ್ಲಿ ನಿಲ್ಲುತ್ತಿದ್ದವರು ಹೆಂಗಸರು. ಓಣಿಯಲ್ಲಿ ಹೊಸ ಮುಖ ಯಾವುದು ಎಂಬುದು ಅವರಿಗೆ ಮೊದಲು ಗೊತ್ತಾಗುತ್ತಿತ್ತು. ‘ಕೇಳಿದ್ರೆ ಹೇಳ್ತಿದ್ಯ’ ಎಂದರು.

ಮೊಮ್ಮಗಳ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಬಿಕಾಂ ಮುಗಿಸಿದ ಅವಳು ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಕೂರುತ್ತಿದ್ದಾಳೆ, ಪಿಎಸ್‌ಐ ಹುದ್ದೆಗೆ. ಪೂರ್ವಭಾವಿ, ಮುಖ್ಯ, ದೈಹಿಕ ಪರೀಕ್ಷೆ, ಸಂದರ್ಶನ ಎಂದು ಮೆಟ್ಟಿಲುಗಳು. ಬೆಳಿಗ್ಗೆ ಐದಕ್ಕೆ ಆರೆ ಕಾಲೊನಿಯ ರಸ್ತೆಯಲ್ಲಿ ಓಡುತ್ತಾಳೆ. ಅಪ್ಪನಿಗೆ ಇದು ಹಿಡಿಸಿಲ್ಲ. ಬ್ಯಾಂಕ್ ಪರೀಕ್ಷೆ ಕಟ್ಟು ಎನ್ನುತ್ತಾರೆ. ಅವರ ತಕರಾರು ಅಪಾಯದ್ದಲ್ಲ, ವೇಳೆಯದು. ‘ಹೆಣ್ಣುಮಗಳಿಗೆ ಟೈಮ್ ಇರೋ ಕೆಲಸ ಬೇಕು.’

ಅವಳ ವಾದ ಕಾನೂನಿನ ಪುಸ್ತಕದಿಂದ ಬರುತ್ತದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸನ್ನು ಬಂಧಿಸುವಂತಿಲ್ಲ. ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು. ಹೆಂಗಸಿನ ಮೈ ತಪಾಸಣೆ ಹೆಂಗಸೇ ಮಾಡಬೇಕು. ಅತ್ಯಾಚಾರದ ದೂರು ಕೊಡಲು ಬಂದವಳ ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇವೆಲ್ಲ ಇವೆ. ‘ನಾನು ಇಲ್ಲದಿದ್ರೆ ಪ್ರೊಸೀಜರ್ರೇ ನಡೆಯೋದಿಲ್ಲ ಪಪ್ಪಾ’ ಎನ್ನುತ್ತಾಳೆ. ಸಿನಿಮಾದ ‘ಮರ್ದಾನಿ’ಯ ಹಾಗೆ ಒದೆಯಲು ಹೋಗುತ್ತಿಲ್ಲ, ಬರೆದುಕೊಳ್ಳಲು ಹೋಗುತ್ತಿದ್ದೇನೆ ಎಂಬುದು ಅವಳ ಲೆಕ್ಕ. ಗೋಡೆಯ ಮೇಲೆ ಅವಳು ಅಂಟಿಸಿಕೊಂಡ ಚಿತ್ರವೂ ಸಿನಿಮಾದವರದಲ್ಲ. 2004ರಲ್ಲಿ ಮುಂಬಯಿ ಕ್ರೈಂ ಬ್ರಾಂಚಿನ ಮುಖ್ಯಸ್ಥೆಯಾದ ಮೊದಲ ಮಹಿಳೆ ಮೀರಾ ಬೋರ್ವಣಕರ್ ಅವರದು. ಕುಲಕರ್ಣಿಯವರು ದುಡಿದ ಅದೇ ಕ್ರೈಂ ವಿಭಾಗ.

ಹೀಗಿರುವಾಗ ಕಥೆ ಆ ಊಟದ ಪ್ರಕರಣಕ್ಕೆ ಬಂತು.

ಟೆನಿಸನ್ ಜೊತೆಗಿರುವ ಪೀಟರ್ ತನ್ನ ವ್ಯಾಪಾರಕ್ಕೆ ಬೇಕಾದವರನ್ನು ಮನೆಗೆ ಊಟಕ್ಕೆ ಕರೆದಿದ್ದಾನೆ. ಅಡುಗೆ ಮಾಡುತ್ತೇನೆಂದು ಟೆನಿಸನ್ ಮಾತು ಕೊಟ್ಟಿದ್ದಾಳೆ. ಅತ್ತ ತನಿಖೆ ನಿಲ್ಲುವುದಿಲ್ಲ. ಹೊತ್ತು ಮೀರಿ ಓಡೋಡಿ ಬರುವುದು, ಏನೋ ಮಾಡಲು ಹೋಗಿ ಏನೋ ಆಗುವುದು. ಸೊಸೆ ಇದನ್ನು ನಗೆಯಾಗಿ ಹೇಳಲು ಹೊರಟಿದ್ದರು. ಅತ್ತೆ ನಕ್ಕರು ಕೂಡ. ಕೊನೆಗೆ ಪೀಟರ್ ಮನೆ ಬಿಟ್ಟು ಹೋಗುತ್ತಾನೆ ಎನ್ನುವಲ್ಲಿ ನಗು ನಿಂತಿತು. ಮಗ ಆಗಷ್ಟೇ ಬಂದು ಸೋಫಾದಲ್ಲಿ ಕೂತು ಶೂ ಬಿಚ್ಚುತ್ತಿದ್ದರು. ‘ಅದಕ್ಕೇ ಹೇಳೋದು’ ಎಂದರು, ಮಗಳ ಕಡೆ ನೋಡದೆ.

ಯಾರೂ ಮಾತಾಡಲಿ ಎಂದು ಕಾಯುವ ಆ ನಾಲ್ಕು ಕ್ಷಣದಲ್ಲಿ ಅತ್ತೆ ಹೇಳಿದರು: ‘ಅದಕ್ಕೊಂದು ಸೊಸೆ ಬೇಕಾಗಿತ್ತು.’

ಅವರು ಅದನ್ನು ಯಾರನ್ನೂ ಚುಚ್ಚಲು ಹೇಳಲಿಲ್ಲ. ಟೆನಿಸನ್‌ಗೆ ಇಲ್ಲದ್ದೇನು ಎಂದು ಯೋಚಿಸಿ, ಒಂದು ಪರಿಹಾರ ಹುಡುಕಿ ಹೇಳಿದರು. ಬೆಳಿಗ್ಗೆ ಐದೂವರೆಗೆ ಎದ್ದು ಮೂರು ಡಬ್ಬಿ ಕಟ್ಟಿ, 7.48ರ ಲೋಕಲ್ ಹಿಡಿದು, ಸಂಜೆ ಬಂದು ಕುಕ್ಕರ್ ಇಟ್ಟು, ಅದು ಕೂಗುವುದರೊಳಗೆ ಕಥೆ ಹೇಳುವ ಸೊಸೆ ಎದುರಿಗೇ ಕೂತಿದ್ದರು. ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಅವರು ಅತ್ತೆಯನ್ನು ನೋಡಿದರು. ಅತ್ತೆಗೆ ಆ ನೋಟ ಕಾಣಿಸಿರಲಾರದು.

ಬ್ರಿಟಿಷ್ ಕಾದಂಬರಿಗಳ ಪತ್ತೇದಾರಿಣಿಯರು ಬಹುಪಾಲು ಒಂಟಿಯಾಗಿಯೇ ಉಳಿಯುತ್ತಾರೆ. ಲೇಖಕಿಯರು ಅದನ್ನು ಆ ಕೆಲಸಕ್ಕೆ ತೆರುವ ಬೆಲೆಯೆಂದು ತೋರಿಸುತ್ತಾರೆ. ಕೆಲಸದಲ್ಲಿ ಗೆದ್ದವಳು ಮನೆಯಲ್ಲಿ ಸೋಲುತ್ತಾಳೆ. ಅತ್ತೆಯ ಒಂದು ವಾಕ್ಯ ಆ ದುರಂತವನ್ನು ಲೆಕ್ಕದ ವಿಷಯ ಮಾಡಿಬಿಟ್ಟಿತು: ಕುರ್ಚಿಯಲ್ಲಿ ಕೂತವರು ಗಂಡಸಾದರೂ ಹೆಂಗಸಾದರೂ ಅವರ ಹಿಂದೆ ಅನ್ನ ಬೇಯಿಸುವವರೊಬ್ಬರು ಬೇಕು, ಗಂಡಸಿಗೆ ಆ ಜನ ಕೇಳದೆಯೇ ಒದಗಿಬರುತ್ತದೆ. ಕುಲಕರ್ಣಿಯವರಾಗಲಿ ಫಿಯಾಲ್ಹೊ ಅವರಾಗಲಿ 1968ರ ಆ ತಿಂಗಳುಗಳಲ್ಲಿ ಮನೆಗೆ ಎಷ್ಟು ಹೊತ್ತಿಗೆ ಹೋಗುತ್ತಿದ್ದರು ಎಂದು ಯಾರೂ ಕೇಳಲಿಲ್ಲ.

ಅಂದು ರಾತ್ರಿ ಸೊಸೆ ಗಂಡನಿಗೆ ಹೇಳಿದ್ದು ಇಷ್ಟೇ: ‘ಅವಳ ಟೈಮಿನ ಚಿಂತೆ ನಿಮಗೆ ಬೇಡ. ನನ್ನ ಟೈಮನ್ನ ಯಾರೂ ಕೇಳಿರಲಿಲ್ಲ.’ ಜಗಳವಾಗಲಿಲ್ಲ. ಮರುದಿನದಿಂದ ರಾತ್ರಿಯ ಕುಕ್ಕರ್ ಇಡುವುದು ಅವರ ಕೆಲಸವಾಯಿತು. ನೀರಿನ ಅಳತೆ ಇನ್ನೂ ಕೂತಿಲ್ಲ. ಅತ್ತೆ ಅನ್ನ ಮುಟ್ಟಿ ನೋಡಿ ಏನೂ ಹೇಳದೆ ಊಟ ಮಾಡುತ್ತಾರೆ.

ಕಥೆಯ ಕೊನೆಯಲ್ಲಿ ಅತ್ತೆಗೆ ಸಿಟ್ಟು ಬಂತು. ಬ್ರಿಟನ್ನಿನಲ್ಲಿ 1984ರ ಪೊಲೀಸ್ ಕಾಯ್ದೆಯ ಪ್ರಕಾರ ಶಂಕಿತನನ್ನು ಆರೋಪ ಹೊರಿಸದೆ ಇಟ್ಟುಕೊಳ್ಳಲು ಗಂಟೆಗಳ ಲೆಕ್ಕ: 24, ಗಂಭೀರ ಪ್ರಕರಣದಲ್ಲಿ ಮೇಲಧಿಕಾರಿಯ ಒಪ್ಪಿಗೆಯಿಂದ 36, ಕೋರ್ಟಿನ ಅಪ್ಪಣೆಯಿಂದ ಹೆಚ್ಚೆಂದರೆ 96. ಆ ಕಾದಂಬರಿಗಳ ಬಿಗುವೆಲ್ಲ ಈ ಗಡಿಯಾರದ್ದು. ವಿಚಾರಣೆ ಕೋಣೆಯಲ್ಲಿ ಟೇಪ್ ತಿರುಗುತ್ತಿರುತ್ತದೆ, ಅಲ್ಲಿ ಹೇಳಿದ್ದು ನ್ಯಾಯಾಲಯದಲ್ಲಿ ಸಾಕ್ಷ್ಯ. ಹಾಗಾಗಿ ಟೇಬಲ್ಲಿನ ಆಚೀಚೆ ಕೂತು ಮಾತಿನಲ್ಲೇ ಕಟ್ಟಿಹಾಕುವುದು ಅಲ್ಲಿನ ಯುದ್ಧ. ಟೆನಿಸನ್ ಗೆಲ್ಲುವುದು ಅಲ್ಲಿಯೇ; ಅಪರಾಧಿ ಒಪ್ಪಿಕೊಳ್ಳುತ್ತಾನೆ, ಓಟ್ಲಿಯ ಸಮೇತ ಎಲ್ಲರೂ ಸಂಭ್ರಮಿಸುತ್ತಾರೆ. ಆಮೇಲೆ ಅದೇ ಮನುಷ್ಯ ಕೋರ್ಟಿನಲ್ಲಿ ತಾನು ಮಾಡಿಲ್ಲ ಎನ್ನುತ್ತಾನೆ. ‘ಅಷ್ಟೆಲ್ಲ ಮಾಡಿ, ಹೀಂಗಾತ?’ ಎಂದು ಅತ್ತೆ ಕೇಳಿದರು. ನಮ್ಮಲ್ಲಾದರೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತೆಯೇ ಇಲ್ಲ, 1872ರ ಸಾಕ್ಷ್ಯ ಕಾಯ್ದೆಯಿಂದ ಇಂದಿನವರೆಗೂ ಹಾಗೆಯೇ ಎಂದು ಮೊಮ್ಮಗಳು ವಿವರಿಸಿದಳು. ಪೊಲೀಸರು ಹೊಡೆದು ಒಪ್ಪಿಸುತ್ತಾರೆ ಎಂಬ ಭಯದಿಂದ ಬ್ರಿಟಿಷರೇ ಇಲ್ಲಿ ಮಾಡಿಟ್ಟ ಕಾನೂನು. ಆದ್ದರಿಂದ ಇಲ್ಲಿ ಗೆಲ್ಲಬೇಕಾದರೆ ವಿಚಾರಣೆ ಕೋಣೆಯ ಮಾತು ಸಾಲದು. ಪಂಚನಾಮೆ, ಸಾಕ್ಷಿ, ಕೇಸ್ ಡೈರಿ ಎಲ್ಲ ಸರಿಯಿರಬೇಕು. ‘ಹಂಗಾರೆ ಅಕ್ಷರ ಚೊಲೊ ಇರವು’ ಎಂದರು ಅತ್ತೆ. ಮೊಮ್ಮಗಳ ಅಕ್ಷರ ಅಷ್ಟಕ್ಕಷ್ಟೇ.

ಈಗ ಆ ಮನೆಯಲ್ಲಿ ಆನ್ ಕ್ಲೀವ್ಸ್ ಬರೆದ ‘ದಿ ಕ್ರೋ ಟ್ರ್ಯಾಪ್’ ನಡೆಯುತ್ತಿದೆ, 1999ರ ಕಾದಂಬರಿ, ವೆರಾ ಸ್ಟ್ಯಾನ್‌ಹೋಪ್ ಮೊದಲು ಕಾಣಿಸಿಕೊಂಡದ್ದು ಅದರಲ್ಲಿ. ದಪ್ಪ ಮೈಯ, ನಡುವಯಸ್ಸಿನ, ಯಾರ ಮೆಚ್ಚಿಕೆಗೂ ಕಾಯದ ಇನ್‌ಸ್ಪೆಕ್ಟರ್. ಸೊಸೆ ಈ ಸಲ ಮೊದಲೇ ನಿರ್ಧರಿಸಿ ‘ಅವಳು’ ಎಂದೇ ಹೇಳುತ್ತಿದ್ದಾರೆ, ಠಾಣೆಯಲ್ಲೂ ಮನೆಯಲ್ಲೂ. ಜೊತೆಗೆ ಅವಳ ಮೇಲಧಿಕಾರಿಗಳನ್ನೂ ‘ಅವನು’ ಮಾಡಿದ್ದಾರೆ. ಮೊದಮೊದಲು ಮಗನ ಕಿವಿಗೆ ಅದು ಒರಟಾಗಿ ಕೇಳಿತು. ಸಮನಾಗಿ ಇಳಿಸಿದರೆ ಇಳಿದದ್ದು ಗೊತ್ತಾಗುವುದಿಲ್ಲ ಎಂದು ಒಂದು ವಾರದಲ್ಲಿ ಎಲ್ಲರಿಗೂ ರೂಢಿಯಾಯಿತು.

ಅತ್ತೆ ಬದಲಾಗಿಲ್ಲ. ವೆರಾ ಕೂಡ ‘ಅದು’. ಮೊನ್ನೆ ನಾಗರಿ ನಿವಾರಾದಿಂದ ಬಂದಿದ್ದ ಬಳಗದ ಹೆಂಗಸೊಬ್ಬರು ಮೊಮ್ಮಗಳು ಏನು ಮಾಡುತ್ತಿದೆ ಎಂದು ಕೇಳಿದರು. ಮಗ ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು: ‘ಅದು ಪೋಲೀಸ್ ಪರೀಕ್ಷೆ ಕಟ್ಟಿದ್ದು. ಓಡುಲೆ ಹೋಜು.’